ಕಲ್ಲಿದ್ದಲಿನಿಂದ ಗ್ರಾಫೀನ್: ಫ್ಲ್ಯಾಶ್ ಯಂತ್ರ ಒಳ್ಳೆಯದೇ, ಆದರೆ ಅದಕ್ಕೆ ಹಾಕುವ ಕಲ್ಲಿದ್ದಲು?

ಕರಿ ಪುಡಿಯನ್ನು ಕ್ವಾರ್ಟ್ಜ್ ಕೊಳವೆಯಲ್ಲಿ ತುಂಬಿ, ಎರಡೂ ತುದಿಯಿಂದ ಒತ್ತಿ ಹಿಡಿದು, ಕೆಪಾಸಿಟರ್‌ಗಳಲ್ಲಿ ಕೂಡಿಟ್ಟ ಕರೆಂಟನ್ನು ಒಂದೇ ಏಟಿಗೆ ಅದರೊಳಗೆ ಹಾಯಿಸುವುದು. ಫ್ಲ್ಯಾಶ್ ಜೂಲ್ ಹೀಟಿಂಗ್ ಅಂದರೆ ಇಷ್ಟೇ. ಪುಡಿಯ ಬಿಸಿ 3000 ಕೆಲ್ವಿನ್ ದಾಟುತ್ತದೆ, 100 ಮಿಲಿಸೆಕೆಂಡಿನೊಳಗೆ ಎಲ್ಲ ಮುಗಿದು ಒಳಗಿದ್ದ ಇಂಗಾಲ ಗ್ರಾಫೀನ್ (ಒಂದೋ ಕೆಲವೋ ಪರಮಾಣು ದಪ್ಪದ ಇಂಗಾಲದ ಹಾಳೆಗಳು) ಆಗಿರುತ್ತದೆ. ಅಮೆರಿಕದ ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಟೂರ್ ಅವರ ತಂಡ 2020ರ ಜನವರಿಯಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿತು. ಕಚ್ಚಾ ವಸ್ತುಗಳ ಪಟ್ಟಿಯಲ್ಲಿ ಕಲ್ಲಿದ್ದಲು, ಪೆಟ್ರೋಲಿಯಂ ಕೋಕ್, ಹಳೆ ಟೈರು, ಪ್ಲಾಸ್ಟಿಕ್, ಮಿಕ್ಕ ಆಹಾರ ಎಲ್ಲವೂ ಇದ್ದವು. ಅದೇ ತತ್ವದ, ಮೇಜಿನ ಮೇಲಿಡುವಷ್ಟು ದೊಡ್ಡ ಯಂತ್ರಗಳು ಈಗ ಲ್ಯಾಬ್ ಉಪಕರಣದವರ ಬಳಿ ಸಿಗುತ್ತವೆ. ಪವರ್ ಎಲೆಕ್ಟ್ರಾನಿಕ್ಸ್ ಬಲ್ಲ ಲ್ಯಾಬುಗಳು ತಾವೇ ಕಟ್ಟಿಕೊಳ್ಳುವುದೂ ಉಂಟು. ಈ ವಿಮರ್ಶೆ ಯಾವ ಬ್ರಾಂಡಿನದೂ ಅಲ್ಲ. 60 ಮಿಲಿಫ್ಯಾರಡ್‌ನ (ಕೆಪಾಸಿಟರ್ ಎಷ್ಟು ಕೂಡಿಡಬಲ್ಲದು ಅನ್ನುವ ಅಳತೆ) ಆ ಮೂಲ ವಿನ್ಯಾಸವನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದು: ನಮ್ಮ ದೇಶದಲ್ಲಿ ಸಿಗುವ ಕಲ್ಲಿದ್ದಲಿಗೆ ಇದು ಒಗ್ಗುತ್ತದಾ?

ಉತ್ತರವನ್ನು ಮೊದಲೇ ಹೇಳಿಬಿಡಬಹುದು. ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ. ಗಣಿಯಿಂದ ಬಂದ ಕಲ್ಲಿದ್ದಲನ್ನು ಕುಟ್ಟಿ ಹಾಗೇ ತುಂಬಿದರೆ ಒಂದು ಅಂಕವೂ ಜಾಸ್ತಿಯೇ. ಯಂತ್ರ ಮಾಡುವುದು 100 ಮಿಲಿಸೆಕೆಂಡಿನ ಕೆಲಸ. ಅದಕ್ಕೂ ಮುಂಚಿನ ಎರಡು ದಿನದ ಕೆಲಸ, ಅಂದರೆ ಬೂದಿ ತೆಗೆಯುವುದು ಮತ್ತು ಅನಿಲ, ಟಾರು ಕಳೆಯುವುದು, ನಿಮ್ಮದೇ. ದೋಸೆ ಕಾವಲಿಯ ಮೇಲಿರುವುದು ಒಂದು ನಿಮಿಷ, ಹಿಟ್ಟಿನ ಹದ ಹಿಂದಿನ ರಾತ್ರಿಯದು.

ಯಂತ್ರದ ಲೆಕ್ಕ

450 ವೋಲ್ಟಿನ, ತಲಾ 6 ಮಿಲಿಫ್ಯಾರಡ್‌ನ ಹತ್ತು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಪ್ಯಾರಲಲ್ ಜೋಡಿಸಿದರೆ 60 ಮಿಲಿಫ್ಯಾರಡ್. ಪೂರ್ತಿ 450 ವೋಲ್ಟಿಗೆ ತುಂಬಿದರೆ ಸುಮಾರು 6 ಕಿಲೋಜೂಲ್ ಶಕ್ತಿ. ಪ್ರಕಟಿತ ಲೆಕ್ಕದಲ್ಲಿ ಒಂದು ಗ್ರಾಂ ಇಂಗಾಲಕ್ಕೆ 7.2 ಕಿಲೋಜೂಲ್ ಬೇಕು. ಇವೆರಡನ್ನು ಪಕ್ಕಪಕ್ಕ ಇಟ್ಟರೆ ಯಂತ್ರದ ಮಿತಿ ತಾನಾಗಿ ಕಾಣುತ್ತದೆ. 50 ಮಿಲಿಗ್ರಾಂಗೆ 360 ಜೂಲ್ ಬೇಕು, ಅದಕ್ಕೆ 110 ವೋಲ್ಟ್ ಸಾಕು. 100 ಮಿಲಿಗ್ರಾಂಗೆ 155 ವೋಲ್ಟ್, 200 ಮಿಲಿಗ್ರಾಂಗೆ 220, ಅರ್ಧ ಗ್ರಾಂಗೆ 346. ಒಂದು ಗ್ರಾಂ ಅಂದರೆ 490 ವೋಲ್ಟ್, ಅಂದರೆ ಕೆಪಾಸಿಟರ್‌ನ ಮಿತಿಯ ಆಚೆ. ವೈರು, ಸ್ವಿಚ್ಚು, ಎಲೆಕ್ಟ್ರೋಡುಗಳಲ್ಲಿ ಸೋರುವ ಶಕ್ತಿ ಇದರಲ್ಲಿ ಸೇರಿಲ್ಲ. ಹಾಗಾಗಿ ‘ಗ್ರಾಂ ಲೆಕ್ಕದ ಯಂತ್ರ’ ಎಂದು 60 ಮಿಲಿಫ್ಯಾರಡ್‌ನದನ್ನು ಯಾರಾದರೂ ತೋರಿಸಿದರೆ ಈ ಗುಣಾಕಾರವನ್ನು ಅವರ ಮುಂದೆಯೇ ಮಾಡಿ. ಒಂದು ಗ್ರಾಂಗೆ ಕೆಪಾಸಿಟರ್ ಹೆಚ್ಚಿಸಲೇಬೇಕು.

ವೋಲ್ಟೇಜಿಗಿಂತ ಮುಖ್ಯವಾದದ್ದು ಪುಡಿಯ ರೆಸಿಸ್ಟೆನ್ಸ್. ಒತ್ತಿದ ಪುಡಿ 1 ಓಮ್ ತೋರಿಸಿದರೆ, 60 ಮಿಲಿಫ್ಯಾರಡ್ ಜೊತೆ ಟೈಮ್ ಕಾನ್‌ಸ್ಟಂಟ್ (ವೋಲ್ಟೇಜು ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುವ ಹೊತ್ತು) 60 ಮಿಲಿಸೆಕೆಂಡ್. ಅದೇ ಪುಡಿ ಸಡಿಲವಾಗಿ 10 ಓಮ್ ಆದರೆ 600 ಮಿಲಿಸೆಕೆಂಡ್. ಶಕ್ತಿ ಅಷ್ಟೇ, ಸುರಿಯುವ ವೇಗ ಹತ್ತನೇ ಒಂದು ಪಾಲು. ಪುಡಿ 3000 ಕೆಲ್ವಿನ್ ಮುಟ್ಟುವುದೇ ಇಲ್ಲ, ಬರೀ ಕೆಂಪಗೆ ಕಾದು ತಣ್ಣಗಾಗುತ್ತದೆ. ನಿಧಾನವಾದರೆ ಇನ್ನೊಂದು ಹಾನಿಯೂ ಇದೆ. ಫ್ಲ್ಯಾಶ್ ಗ್ರಾಫೀನಿನ ವಿಶೇಷ ಅದರ ಪದರಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಕೂತಿರುವುದು. ಇದಕ್ಕೆ ಟರ್ಬೊಸ್ಟ್ರಾಟಿಕ್ ಅನ್ನುತ್ತಾರೆ. ಗ್ರಾಫೈಟಿನಲ್ಲಿ ಪದರಗಳ ನಡುವಿನ ಅಂತರ 3.35 ಆಂಗ್‌ಸ್ಟ್ರಾಮ್‌ನ ಆಸುಪಾಸಾದರೆ ಇಲ್ಲಿ 3.45. ಅಷ್ಟು ಸಡಿಲ ಇರುವುದರಿಂದಲೇ ಇದು ನೀರಲ್ಲಿ, ರಾಳದಲ್ಲಿ ಸುಲಭವಾಗಿ ಬಿಡಿಬಿಡಿಯಾಗುತ್ತದೆ. ಬಿಸಿ ಹೆಚ್ಚು ಹೊತ್ತು ನಿಂತರೆ ಪದರಗಳು ಸಾಲಾಗಿ ಕೂತು ಮಾಮೂಲಿ ಗ್ರಾಫೈಟ್ ಆಗುತ್ತವೆ. ‘ಇನ್ನೊಂಚೂರು ಕಾಯಲಿ’ ಅನ್ನುವ ಅಡುಗೆಮನೆ ಬುದ್ಧಿ ಇಲ್ಲಿ ನಡೆಯುವುದಿಲ್ಲ.

ಆದ್ದರಿಂದ ಪ್ರತಿ ಸಲವೂ ಫ್ಲ್ಯಾಶ್‌ಗೆ ಮುಂಚೆ ಮಲ್ಟಿಮೀಟರ್ ಹಿಡಿಯಬೇಕು. 1ರಿಂದ 2 ಓಮ್ ಬಂದರೆ ಸರಿ. 10ರ ಮೇಲಿದ್ದರೆ ಇನ್ನಷ್ಟು ಒತ್ತಿ. ಒತ್ತಿದರೂ ಇಳಿಯದಿದ್ದರೆ ತಪ್ಪು ಯಂತ್ರದ್ದಲ್ಲ, ಪುಡಿಯದು. 0.2 ಓಮ್‌ಗಿಂತ ಕೆಳಗೆ ಇಳಿದಿದ್ದರೂ ಒಳ್ಳೆಯದಲ್ಲ. ಆಗ ವೈರು ಮತ್ತು ಎಲೆಕ್ಟ್ರೋಡುಗಳ ರೆಸಿಸ್ಟೆನ್ಸೇ ದೊಡ್ಡದಾಗಿ, ಬಿಸಿ ಪುಡಿಯಲ್ಲಿ ಹುಟ್ಟುವ ಬದಲು ಜಾಯಿಂಟುಗಳಲ್ಲಿ ಹುಟ್ಟುತ್ತದೆ.

ಕೊಳವೆ ಕ್ವಾರ್ಟ್ಜ್‌ನದೇ ಆಗಬೇಕು. ಬೋರೊಸಿಲಿಕೇಟ್ ಗಾಜು 820 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲೇ ಮೆತ್ತಗಾಗುತ್ತದೆ. ಕ್ವಾರ್ಟ್ಜ್ ಕೂಡ 3000 ಕೆಲ್ವಿನ್ ತಡೆಯುವುದಿಲ್ಲ, ಬಿಸಿ ಅದಕ್ಕೆ ದಾಟುವ ಮುಂಚೆ ಫ್ಲ್ಯಾಶ್ ಮುಗಿದಿರುವುದರಿಂದ ಉಳಿದುಕೊಳ್ಳುತ್ತದೆ ಅಷ್ಟೇ. ಒಳವ್ಯಾಸ 4 ಮಿಲಿಮೀಟರಿನದು ಕಲಿಯಲು, 8ರದ್ದು ಕೆಲಸಕ್ಕೆ. ಪುಡಿಗೆ ತಾಗುವ ಕಡೆ ಗ್ರಾಫೈಟ್ ಬಿಲ್ಲೆ, ಅದರ ಹಿಂದೆ ತಾಮ್ರ ಅಥವಾ ಹಿತ್ತಾಳೆಯ ಕಡ್ಡಿ. ತಾಮ್ರವನ್ನು ನೇರವಾಗಿ ಪುಡಿಗೆ ಮುಟ್ಟಿಸಿದರೆ ತುದಿ ಕರಗಿ ಪುಡಿಯೊಳಗೆ ಸೇರುತ್ತದೆ. ಎರಡೂ ಕಡೆ ಗಾಳಿಯಾಡದಂತೆ ಬಿಗಿದರೆ ಅನಿಲಕ್ಕೆ ದಾರಿಯಿಲ್ಲದೆ ಕೊಳವೆ ಸೀಳುತ್ತದೆ. ಒಂದು ಕಡೆ ತಾಮ್ರದ ನಾರಿನ ಉಂಡೆ ಇಡುವ ರೂಢಿ ಅದಕ್ಕೇ: ಕರೆಂಟೂ ಹೋಗುತ್ತದೆ, ಅನಿಲವೂ ಹೋಗುತ್ತದೆ. ಇಡೀ ಜೋಡಣೆ ವ್ಯಾಕ್ಯೂಮ್ ಡೆಸಿಕೇಟರ್ (ಗಾಳಿ ಹೊರತೆಗೆಯುವ ಮುಚ್ಚಿದ ಪಾತ್ರೆ) ಒಳಗಿರಲಿ.

ಅಂಕ ಕಳೆದದ್ದು ಎಲ್ಲಿ ಅಂದರೆ ಸುರಕ್ಷತೆಯಲ್ಲಿ. 60 ಮಿಲಿಫ್ಯಾರಡ್ 450 ವೋಲ್ಟಿನಲ್ಲಿ ಮನುಷ್ಯನನ್ನು ಕೊಲ್ಲಲು ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಯಂತ್ರ ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಉಳಿದ ಚಾರ್ಜನ್ನು ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಎಷ್ಟು ಅಂತ. 10 ಕಿಲೋಓಮ್ ಅಂದರೆ ಟೈಮ್ ಕಾನ್‌ಸ್ಟಂಟ್ 600 ಸೆಕೆಂಡ್, ಪೂರ್ತಿ ಇಳಿಯಲು ಮುಕ್ಕಾಲು ಗಂಟೆಗೂ ಜಾಸ್ತಿ. ಸ್ವಿಚ್ ಆಫ್ ಮಾಡಿ ಐದು ನಿಮಿಷಕ್ಕೆ ಕೈ ಹಾಕಿದವರ ಗತಿ ಊಹಿಸಿಕೊಳ್ಳಿ. 1 ಕಿಲೋಓಮ್ ಆದರೆ ಐದು ನಿಮಿಷದಲ್ಲಿ 3 ವೋಲ್ಟಿಗೆ ಬರುತ್ತದೆ, ಆದರೆ ಶುರುವಿನಲ್ಲಿ 200 ವಾಟ್ ಬಿಸಿ ತಡೆಯುವ ವೈರ್‌ವೌಂಡ್ ರೆಸಿಸ್ಟರ್ ಬೇಕು. ಎರಡೂ ಇರಲಿ: ಸದಾ ಜೋಡಿಸಿರುವ ದೊಡ್ಡದೊಂದು, ಗುಂಡಿ ಒತ್ತಿದಾಗ ಸೇರುವ 1 ಕಿಲೋಓಮ್ ಇನ್ನೊಂದು, ಜೊತೆಗೆ ಮುಚ್ಚಳ ತೆರೆದರೆ ತಾನಾಗಿ ಬೀಳುವ ಇಂಟರ್‌ಲಾಕ್. ಸ್ವಿಚ್ಚಿಗೆ ಮಾಮೂಲಿ ಕಾಂಟ್ಯಾಕ್ಟರ್ ಹಾಕಿ ಉಳಿತಾಯ ಮಾಡಿದರೆ ಕೆಲವೇ ಫ್ಲ್ಯಾಶ್‌ಗೆ ಅದರ ಬಾಯಿ ಬೆಸುಗೆಯಾಗಿ ಅಂಟಿಕೊಳ್ಳುತ್ತದೆ. ನೂರಾರು ಆಂಪಿಯರ್ ತಡೆಯುವ ರಿಲೇ, ಅದರ ಜೊತೆ ಸರಣಿಯಲ್ಲಿ ಇಂಡಕ್ಟರ್, ಇಂಡಕ್ಟರಿಗೆ ಡಯೋಡ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆ ಡ್ರೈವ್‌ಗಳಿಂದ ಬಿಚ್ಚಿದ ದಪ್ಪ ಕೆಪಾಸಿಟರ್ ಅಗ್ಗಕ್ಕೆ ಸಿಕ್ಕರೂ ಬೇಡ. ಹತ್ತರಲ್ಲಿ ಒಂದು ಒಳಗೆ ಶಾರ್ಟ್ ಆದರೆ ಮಿಕ್ಕ ಒಂಬತ್ತರ ಶಕ್ತಿಯೆಲ್ಲ ಅದರ ಮೂಲಕವೇ ಹಾಯುತ್ತದೆ, ಅದು ಸಿಡಿಯುತ್ತದೆ.

ಯಾವ ಕಲ್ಲಿದ್ದಲು?

ಇಲ್ಲೇ ಎಲ್ಲರೂ ಎಡವುವುದು. ನೇಚರ್ ಪ್ರಬಂಧ ಶೇ 80ರಿಂದ 90 ಇಳುವರಿ ಹೇಳುವುದು ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಇಂಗಾಲದ ಪುಡಿ), ಆಂಥ್ರಸೈಟ್ (ಇಂಗಾಲ ಅತಿ ಹೆಚ್ಚಿರುವ ಗಟ್ಟಿ ಕಲ್ಲಿದ್ದಲು), ಕ್ಯಾಲ್ಸಿನ್ಡ್ ಕೋಕ್ ಥರದ ಇಂಗಾಲ ತುಂಬಿದ ವಸ್ತುಗಳಿಗೆ. ಭಾರತದ ಬಹುಪಾಲು ನಾನ್-ಕೋಕಿಂಗ್ (ಉಕ್ಕಿನ ಕುಲುಮೆಯ ಕೋಕ್ ಆಗದ) ಕಲ್ಲಿದ್ದಲಿನಲ್ಲಿ ಬೂದಿಯೇ ಶೇ 30ರಿಂದ 45. ಗೋಂಡ್ವಾನಾ ಕಾಲದ ಈ ನಿಕ್ಷೇಪಗಳಲ್ಲಿ ಸಸ್ಯರಾಶಿ ನೀರಿನಲ್ಲಿ ಕೊಚ್ಚಿಬಂದು ಮಣ್ಣಿನ ಜೊತೆ ಬೆರೆತೇ ಶೇಖರವಾಯಿತು. ಹಾಗಾಗಿ ಖನಿಜ ಕಲ್ಲಿನ ಚೂರಿನಂತೆ ಬೇರೆ ಕೂತಿಲ್ಲ, ಇಂಗಾಲದೊಳಗೆ ಹಿಟ್ಟಿನಂತೆ ಹರಡಿದೆ. ನೀರಲ್ಲಿ ತೊಳೆದು ತೇಲಿಸಿದರೆ ಹೋಗುವಂಥದ್ದಲ್ಲ.

ಉದಾಹರಣೆಗೆ ತೇವ 6, ಬೂದಿ 35, ಬಾಷ್ಪಶೀಲ ಅಂಶ 26, ಸ್ಥಿರ ಇಂಗಾಲ 33 ಇರುವ 100 ಗ್ರಾಂ ಕಲ್ಲಿದ್ದಲು ತೆಗೆದುಕೊಳ್ಳಿ. ಕಾಯಿಸಿ ತೇವ, ಅನಿಲ, ಟಾರು ಕಳೆದರೆ ಉಳಿಯುವುದು 68 ಗ್ರಾಂ ಚಾರ್. ಅದರಲ್ಲಿ 35 ಗ್ರಾಂ ಬೂದಿ, ಅಂದರೆ ಶೇ 51. ಅರ್ಧಕ್ಕಿಂತ ಜಾಸ್ತಿ ಮಣ್ಣಿರುವ ಪುಡಿಗೆ ನೀವು ಕರೆಂಟ್ ಹಾಯಿಸುತ್ತಿದ್ದೀರಿ. ರಾಸಾಯನಿಕವಾಗಿ ತೊಳೆದು ಬೂದಿಯ ಮೂರರಲ್ಲಿ ಎರಡು ಪಾಲು ಕಳೆದಿರಿ ಅಂತಿಟ್ಟುಕೊಂಡರೂ ಚಾರ್‌ನಲ್ಲಿ ಶೇ 26 ಬೂದಿ ಉಳಿಯುತ್ತದೆ. ಕರ್ನಾಟಕದಲ್ಲಂತೂ ಕಲ್ಲಿದ್ದಲಿನ ಗಣಿಯೇ ಇಲ್ಲ. ರಾಯಚೂರಿನ ವಿದ್ಯುತ್ ಸ್ಥಾವರದ ಯಾರ್ಡಿನಿಂದ ಒಂದು ಮೂಟೆ ತರಿಸಿಕೊಂಡು ಶುರುಮಾಡೋಣ ಅನ್ನುವವರು ಈ ಲೆಕ್ಕ ಮೊದಲು ಮಾಡಲಿ.

ಅಸ್ಸಾಂ, ಮೇಘಾಲಯದ ಕಲ್ಲಿದ್ದಲಿನಲ್ಲಿ ಬೂದಿ ಕಡಿಮೆ, ಗಂಧಕ ಹೆಚ್ಚು. ಆ ಗಂಧಕದ ಬಹುಪಾಲು ಪೈರೈಟ್ ರೂಪದಲ್ಲಿಲ್ಲ, ಇಂಗಾಲಕ್ಕೇ ಅಂಟಿಕೊಂಡಿದೆ. ನೈಟ್ರಿಕ್ ಆಸಿಡ್ ಹಾಕಿ ತೊಳೆದರೂ ಜಗ್ಗುವುದಿಲ್ಲ, ಕಾಯಿಸುವಾಗ ಕೊಳೆತ ಮೊಟ್ಟೆಯ ವಾಸನೆಯಾಗಿ ಸ್ವಲ್ಪ ಸ್ವಲ್ಪ ಹೊರಡುತ್ತದೆ. ನೈವೇಲಿಯ ಲಿಗ್ನೈಟಿನಲ್ಲಿ ಅರ್ಧದಷ್ಟು ನೀರೇ. ಝರಿಯಾದ ಕೋಕಿಂಗ್ ಕಲ್ಲಿದ್ದಲು ಕಾಯಿಸಿದರೆ ಕರಗಿ ಉಬ್ಬುತ್ತದೆ, ಅದನ್ನು ಮುಂದೆ ಹೇಳುತ್ತೇವೆ.

ಹಾಗಾದರೆ ಏನು ಹಾಕಬೇಕು? ಮೂರು ದಾರಿ ಇವೆ, ಮೂರೂ ‘ಕಲ್ಲಿದ್ದಲು ಮೂಲದ್ದು’ ಅನ್ನುವ ಮಾತಿಗೆ ಸಲ್ಲುತ್ತವೆ. ಮೊದಲನೆಯದು ಮೆಟಲರ್ಜಿಕಲ್ ಕೋಕ್, ಅಂದರೆ ಉಕ್ಕಿನ ಕುಲುಮೆಗಾಗಿ ಗಾಳಿಯಿಲ್ಲದೆ ಬೇಯಿಸಿದ ಕಲ್ಲಿದ್ದಲು. ತೋರಣಗಲ್ಲಿನಂಥ ಉಕ್ಕಿನ ಊರಿನಲ್ಲಿ ಕೋಕ್ ಜರಡಿ ಹಿಡಿದಾಗ ಕೆಳಗುಳಿಯುವ ಪುಡಿಗೆ ಬ್ರೀಜ್ ಅನ್ನುತ್ತಾರೆ, ಗಟ್ಟಿ ಕೋಕಿಗಿಂತ ಅಗ್ಗ. ಅನಿಲವೆಲ್ಲ ಓವನ್ನಿನಲ್ಲೇ ಹೋಗಿರುತ್ತದೆ, ಕರೆಂಟ್ ಹಾಯುತ್ತದೆ; ತೊಂದರೆ ಶೇ 10ರಿಂದ 13ರಷ್ಟು ಬೂದಿಯದು ಮಾತ್ರ. ಎರಡನೆಯದು ಕೋಲ್ ಟಾರ್ ಪಿಚ್. ಬೂದಿ ಶೇ 0.5ಕ್ಕಿಂತ ಕಡಿಮೆ, ಗುಣದಲ್ಲಿ ಎಲ್ಲಕ್ಕಿಂತ ಮೇಲು. ಆದರೆ ಕಾಯಿಸಿದಾಗ ಸುಮಾರು ಅರ್ಧವೇ ಇಂಗಾಲವಾಗಿ ಉಳಿಯುವುದು, ಮೇಲಾಗಿ ಅದರ ಹೊಗೆಯಲ್ಲಿ ಕ್ಯಾನ್ಸರ್ ತರುವ ಬೆಂಜೋಪೈರೀನ್ ಇದೆ. ಫ್ಯೂಮ್ ಹುಡ್ ಇಲ್ಲದವರು ಅದರ ಗೋಜಿಗೆ ಹೋಗಬಾರದು. ಮೂರನೆಯದು ಆಂಥ್ರಸೈಟ್. ಭಾರತದಲ್ಲಿ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ನೀರು ಶುದ್ಧೀಕರಣದ ಫಿಲ್ಟರಿಗೆ ತುಂಬುವ ಆಂಥ್ರಸೈಟ್ ಹರಳು ಚೀಲದಲ್ಲಿ ಮಾರಾಟಕ್ಕಿದೆ. ಪ್ರಯೋಗಕ್ಕೆ ಅದಕ್ಕಿಂತ ಸಲೀಸಾದ ಕಲ್ಲಿದ್ದಲು ಇನ್ನೊಂದಿಲ್ಲ. ಬೂದಿ ಎಷ್ಟೆಂದು ಸುಟ್ಟು ನೋಡಿ ಕೊಳ್ಳಬೇಕು ಅಷ್ಟೇ.

ಸುಟ್ಟು ನೋಡುವುದು ಹೇಗೆಂದರೆ, ಕಲ್ಲಿದ್ದಲು ಪರೀಕ್ಷೆಯ ಭಾರತೀಯ ಮಾನಕ ಐಎಸ್ 1350ರ ಪ್ರಕಾರ 212 ಮೈಕ್ರಾನ್ ಜರಡಿ ದಾಟಿದ ಒಂದು ಗ್ರಾಂ ಪುಡಿಯನ್ನು ಮಫಲ್ ಫರ್ನೇಸಿನಲ್ಲಿ ಮೆಲ್ಲಗೆ 815 ಡಿಗ್ರಿಗೆ ಏರಿಸಿ, ತೂಕ ನಿಲ್ಲುವವರೆಗೆ ಸುಡುವುದು. ಉಳಿದದ್ದು ಬೂದಿ. ಮುಚ್ಚಳದ ಕ್ರೂಸಿಬಲ್‌ನಲ್ಲಿ 900 ಡಿಗ್ರಿಯಲ್ಲಿ ಸರಿಯಾಗಿ 7 ನಿಮಿಷ ಇಟ್ಟರೆ ಹೋದ ತೂಕದಲ್ಲಿ ತೇವ ಕಳೆದದ್ದು ಬಾಷ್ಪಶೀಲ ಅಂಶ. ಇವೆರಡು ಅಂಕಿ ಕೈಯಲ್ಲಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಬೇಡ.

ಬೂದಿ ತೆಗೆಯುವುದು, ಚಾರ್ ಮಾಡುವುದು

ಹೈಡ್ರೋಫ್ಲೋರಿಕ್ ಆಸಿಡ್ ಬೂದಿಯನ್ನು ಚೆನ್ನಾಗಿ ತಿನ್ನುತ್ತದೆ, ಕೈಯ ಮೂಳೆಯನ್ನೂ. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಮತ್ತು ತರಬೇತಿ ಇಲ್ಲದ ಜಾಗದಲ್ಲಿ ಅದನ್ನು ಮರೆತುಬಿಡಿ. ಕಾಸ್ಟಿಕ್ ಸೋಡಾ ದಾರಿ ನಿಧಾನ, ಆದರೆ ಬದುಕಿಸುತ್ತದೆ. 10 ಗ್ರಾಂ ಪುಡಿಗೆ ಶೇ 15ರ ಕಾಸ್ಟಿಕ್ ದ್ರಾವಣ 100 ಮಿಲಿಲೀಟರ್, 90 ಡಿಗ್ರಿ, ಕಲಕುತ್ತ 4 ಗಂಟೆ. ಪಾತ್ರೆ ಸ್ಟೀಲಿನದಿರಲಿ. ಬಿಸಿ ಕಾಸ್ಟಿಕ್ ಗಾಜನ್ನೇ ಕರಗಿಸಿ ಸಿಲಿಕಾ ವಾಪಸ್ ಸೇರಿಸುತ್ತದೆ. ಅಲ್ಯೂಮಿನಿಯಂ ಪಾತ್ರೆಯಾದರೆ ಹೈಡ್ರೋಜನ್ ಬುಸುಗುಟ್ಟುತ್ತದೆ. ಬಿಸಿನೀರಲ್ಲಿ ತೊಳೆದು, ಗಾಜಿನ ಬೀಕರಿಗೆ ಬದಲಿಸಿ, ಶೇ 10ರ ಹೈಡ್ರೋಕ್ಲೋರಿಕ್ ಆಸಿಡ್ 100 ಮಿಲಿಲೀಟರ್, 60 ಡಿಗ್ರಿ, 2 ಗಂಟೆ. ಈ ಎರಡನೇ ಹೆಜ್ಜೆ ಬಿಡುವ ಹಾಗಿಲ್ಲ. ಜೇಡಿಯನ್ನು ಕಾಸ್ಟಿಕ್ ಪೂರ್ತಿ ಕರಗಿಸುವುದಿಲ್ಲ, ಸೋಡಿಯಂ ಅಲ್ಯೂಮಿನೋಸಿಲಿಕೇಟ್ ಮಾಡಿಡುತ್ತದೆ. ಅದನ್ನು ಕರಗಿಸುವುದು ಆಸಿಡ್. ಆಸಿಡ್ ಬಿಟ್ಟರೆ ಬೂದಿ ಕಡಿಮೆಯಾಗುವ ಬದಲು ಹೆಚ್ಚಾಗಿದ್ದೂ ಕಾಣಬಹುದು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದಾಗ ಬಿಳಿ ಬಣ್ಣ ಬರುವುದು ನಿಲ್ಲುವವರೆಗೆ ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿ.

ಕಲ್ಲಿದ್ದಲೇ ಹಾಕುವುದಾದರೆ ಈ ತೊಳೆತ ಚಾರ್ ಮಾಡುವ ಮೊದಲೇ ಆಗಬೇಕು. 1000 ಡಿಗ್ರಿ ಕಂಡ ಜೇಡಿ ಮುಲ್ಲೈಟ್ ಆಗಿ ಗಟ್ಟಿಯಾಗಿರುತ್ತದೆ, ಕಾಸ್ಟಿಕ್‌ಗೂ ಜಗ್ಗುವುದಿಲ್ಲ. ಕೋಕಿನ ಬೂದಿ ಹಟ ಮಾಡುವುದೂ ಇದಕ್ಕೇ. ಅದು ಓವನ್ನಿನಲ್ಲಿ ಆಗಲೇ ಬೆಂದು ಬಂದಿದೆ.

ಚಾರ್‌ಗೆ ಟ್ಯೂಬ್ ಫರ್ನೇಸ್, ನೈಟ್ರೋಜನ್ ಹರಿವು, ನಿಮಿಷಕ್ಕೆ 5 ಡಿಗ್ರಿಯಂತೆ 950ರವರೆಗೆ, ಅಲ್ಲಿ ಒಂದು ಗಂಟೆ. 700 ಡಿಗ್ರಿಗೆ ನಿಲ್ಲಿಸಿದ ಚಾರ್ ನೋಡಲು ಒಂದೇ ಥರ ಕಪ್ಪು, ಆದರೆ ಮಲ್ಟಿಮೀಟರ್ ಮೆಗಾಓಮ್ ತೋರಿಸಬಹುದು. 600ರಿಂದ 900ರ ನಡುವೆ ರೆಸಿಸ್ಟೆನ್ಸ್ ಎಷ್ಟೋ ಸಾವಿರ ಪಟ್ಟು ಬೀಳುತ್ತದೆ, ಆ 250 ಡಿಗ್ರಿ ಉಳಿಸಿ ಲಾಭವಿಲ್ಲ. ಕೋಕಿಂಗ್ ಕಲ್ಲಿದ್ದಲಾದರೆ ಬೋಟಿನ (ಟ್ಯೂಬಿನೊಳಗೆ ಪುಡಿ ಇಡುವ ಪಾತ್ರೆ) ಮೂರನೇ ಒಂದು ಪಾಲು ಮಾತ್ರ ತುಂಬಿ. 400ರ ಆಸುಪಾಸಿನಲ್ಲಿ ಕರಗಿ, ಹಾಲಿನಂತೆ ಉಕ್ಕಿ, ಟ್ಯೂಬಿನ ಗೋಡೆಗೆ ಅಂಟಿ ಗಟ್ಟಿಯಾದರೆ ಟ್ಯೂಬೇ ಹೋದಂತೆ. ಪಿಚ್‌ಗೆ 350ರಿಂದ 550ರವರೆಗೆ ನಿಮಿಷಕ್ಕೆ 1 ಡಿಗ್ರಿ ಸಾಕು. ಹೊರಹೋಗುವ ತಣ್ಣನೆ ತುದಿಯಲ್ಲಿ ಟಾರು ಕಟ್ಟಿಕೊಂಡು ದಾರಿ ಮುಚ್ಚುತ್ತದೆ, ಅಲ್ಲೊಂದು ಟ್ರ್ಯಾಪ್ ಬಾಟಲಿ ಇರಲಿ. ಹೊರಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಪೈಪು ಕಿಟಕಿಯಿಂದಾಚೆಗಿರಲಿ.

ಅನಿಲ ಪೂರ್ತಿ ಹೋಗದ ಚಾರ್ ತುಂಬಿ ಫ್ಲ್ಯಾಶ್ ಮಾಡಿದರೆ ಏನಾಗುತ್ತದೆ ಅಂತ ನೋಡಿದರೆ ಮರೆಯುವುದಿಲ್ಲ. ‘ಠಪ್’ ಎಂದು ಎಲೆಕ್ಟ್ರೋಡ್ ಹಿಂದಕ್ಕೆ ಜಾರುತ್ತದೆ, ಸರ್ಕ್ಯೂಟ್ ಮಧ್ಯದಲ್ಲೇ ಕಡಿಯುತ್ತದೆ, ಕೊಳವೆಯ ಒಳಗೋಡೆಗೆ ಕಂದು ಮಸಿ ಮೆತ್ತಿಕೊಳ್ಳುತ್ತದೆ, ಕೆಪಾಸಿಟರ್‌ನಲ್ಲಿ ಅರ್ಧ ಚಾರ್ಜು ಹಾಗೇ ಉಳಿದಿರುತ್ತದೆ. ಅಪಾಯ ಈ ಕೊನೆಯದರಲ್ಲೇ. ಬೆಳಕು ಬಂತು, ಆಯಿತು ಅಂತ ಮುಚ್ಚಳ ತೆಗೆಯಬಾರದು. ವೋಲ್ಟ್‌ಮೀಟರ್ ನೋಡಿ, ಬ್ಲೀಡರ್ ಒತ್ತಿ, ಮತ್ತೆ ನೋಡಿ, ಆಮೇಲೆ ಕೈ ಹಾಕಿ. ಇದನ್ನು ತಪ್ಪಿಸಲು ಅಸಲಿ ಏಟಿಗೆ ಮುಂಚೆ ಕಡಿಮೆ ವೋಲ್ಟಿನ ಎರಡು ಮೂರು ಸಣ್ಣ ಏಟು ಕೊಡುತ್ತಾರೆ. ಮಿಕ್ಕ ಅನಿಲ ಹೋಗುತ್ತದೆ, ರೆಸಿಸ್ಟೆನ್ಸೂ ಇಳಿಯುತ್ತದೆ; ಇಳಿಯಿತಾ ಅಂತ ಪ್ರತಿ ಏಟಿನ ನಂತರ, ಕೆಪಾಸಿಟರ್ ಖಾಲಿ ಮಾಡಿದ ಮೇಲೆ, ಅಳೆಯುವುದು. ಅಸಲಿ ಏಟಿನ ಬೆಳಕು ವೆಲ್ಡಿಂಗಿನಷ್ಟೇ ಪ್ರಖರ, ಅದೇ ಕನ್ನಡಕ ಹಾಕಿ.

ಪುಡಿಗೆ ಶೇ 5ರಿಂದ 10 ಕಾರ್ಬನ್ ಬ್ಲ್ಯಾಕ್ ಬೆರೆಸಿ ಕರೆಂಟ್ ಹಾಯುವಂತೆ ಮಾಡುವುದು ರೂಢಿಯಲ್ಲಿದೆ. ಅದರಲ್ಲೊಂದು ಕಣ್ಕಟ್ಟಿದೆ. ಕಾರ್ಬನ್ ಬ್ಲ್ಯಾಕ್ ತಾನೇ ಅತ್ಯುತ್ತಮ ಫ್ಲ್ಯಾಶ್ ಗ್ರಾಫೀನ್ ಆಗುವ ವಸ್ತು. ಆಮೇಲೆ ರಾಮನ್‌ನಲ್ಲಿ (ಲೇಸರ್ ಬೆಳಕು ಚೆದುರುವ ರೀತಿಯಿಂದ ವಸ್ತುವನ್ನು ಗುರುತಿಸುವ ಪರೀಕ್ಷೆ) ಚಂದದ ಗೆರೆ ಕಂಡಾಗ ಅದು ಕಲ್ಲಿದ್ದಲಿನದೋ ಬೆರಕೆಯದೋ ಹೇಳುವವರಾರು? 950 ಡಿಗ್ರಿಯ ಚಾರ್ ಅಥವಾ ಕೋಕ್ ಪುಡಿಗೆ ಬೆರಕೆ ಬೇಕಾಗುವುದೇ ಇಲ್ಲ. ಬೇಕಾದರೆ ಕೋಕನ್ನೇ ಬೆರೆಸಿ, ಕಡೇಪಕ್ಷ ಎಲ್ಲವೂ ಕಲ್ಲಿದ್ದಲಿನದೇ ಆಗಿರುತ್ತದೆ.

ಬಂದದ್ದು ಗ್ರಾಫೀನೇ?

ಕೊಳವೆಯಿಂದ ಹೊರಬಂದದ್ದು ತುಂಬಾ ಹಗುರವಾದ, ಬೂದು ಮಿಶ್ರಿತ ಕಪ್ಪು ಪುಡಿ. ಕಣ್ಣಿನಿಂದ ಏನನ್ನೂ ಹೇಳಲಾಗದು. 532 ನ್ಯಾನೊಮೀಟರ್ ಲೇಸರಿನ ರಾಮನ್‌ನಲ್ಲಿ ಸುಮಾರು 1350 ಸೆಂ.ಮೀ⁻¹ ಹತ್ತಿರ ಡಿ, 1580ರಲ್ಲಿ ಜಿ, 2700ರಲ್ಲಿ 2ಡಿ ಗೆರೆ ನೋಡುವುದು. ಫ್ಲ್ಯಾಶ್ ಆಗದೆ ಉಳಿದ ಚಾರ್‌ನಲ್ಲಿ ಡಿ ಮತ್ತು ಜಿ ಎರಡೂ ಅಗಲವಾಗಿ ಗುಡ್ಡದಂತಿರುತ್ತವೆ, 2ಡಿ ಹತ್ತಿರ ಬರೀ ಬಯಲು. ಒಳ್ಳೆಯ ಫ್ಲ್ಯಾಶ್ ಗ್ರಾಫೀನಿನಲ್ಲಿ 2ಡಿ ಜಿಗಿಂತ ಎತ್ತರ, ಒಂಟಿ ಮತ್ತು ಚೂಪು. ಜೊತೆಗೆ 1886 ಮತ್ತು 2031ರ ಸುತ್ತ ಎರಡು ಪುಟ್ಟ ಗೆರೆಗಳು. ಈ ಪುಟ್ಟ ಗೆರೆಗಳೇ ಟರ್ಬೊಸ್ಟ್ರಾಟಿಕ್ ಅನ್ನುವುದಕ್ಕೆ ಸಾಕ್ಷಿ. 1750ರಲ್ಲಿ ಗೆರೆ ಕಂಡರೆ ಅದು ಗ್ರಾಫೈಟಿನ ಕಡೆ ಹೊರಳಿದೆ. ಒಂದೇ ಜಾಗದ ಗೆರೆ ತೋರಿಸುವವರನ್ನು ನಂಬಬೇಡಿ. ಕಲ್ಲಿದ್ದಲಿನಂಥ ಮಿಶ್ರ ವಸ್ತುವಿಗೆ 100 ಜಾಗದಲ್ಲಾದರೂ ತೆಗೆಯಬೇಕು. ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿರುವ ಕ್ಯಾರೆಕ್ಟರೈಸೇಶನ್ ವಿಭಾಗ ಹೊರಗಿನವರಿಗೂ ಶುಲ್ಕ ಪಡೆದು ಮಾಡಿಕೊಡುತ್ತದೆ; ಸ್ಲಾಟ್ ಬುಕ್ ಮಾಡುವಾಗಲೇ ‘ಮ್ಯಾಪಿಂಗ್ ಬೇಕು, ಲೇಸರ್ ಪವರ್ ಕಡಿಮೆ ಇರಲಿ’ ಎಂದು ಬರೆಯುವುದು ಮೇಲು. ಪವರ್ ಜಾಸ್ತಿಯಾದರೆ ಪುಡಿ ಅಲ್ಲೇ ಕಾದು ಗೆರೆಗಳು ಜರುಗುತ್ತವೆ.

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇ ಚೆದುರುವ ಕೋನದಿಂದ ಪದರಗಳ ಅಂತರ ಅಳೆಯುವುದು) ಕಲ್ಲಿದ್ದಲಿಗೇ ವಿಶೇಷವಾದ ಒಂದು ಮೋಸವಿದೆ. ಗ್ರಾಫೈಟಿನ ಮುಖ್ಯ ಗೆರೆ 26.5 ಡಿಗ್ರಿ. ಬೂದಿಯಲ್ಲಿರುವ ಮರಳಿನ, ಅಂದರೆ ಕ್ವಾರ್ಟ್ಜಿನ ಮುಖ್ಯ ಗೆರೆ 26.6! ಸರಿಯಾಗಿ ತೊಳೆಯದ ಚಾರ್ ‘ಅಬ್ಬಾ, ಎಷ್ಟು ಚೂಪಾದ ಗ್ರಾಫೈಟ್’ ಎಂದು ಮರುಳು ಮಾಡುವುದು ಇಲ್ಲೇ. 20.9ರಲ್ಲೂ ಒಂದು ಗೆರೆ ಇದ್ದರೆ ಅದು ಮರಳು. ನಿಜವಾದ ಟರ್ಬೊಸ್ಟ್ರಾಟಿಕ್ ಗೆರೆ 26ರ ಆಸುಪಾಸಿಗೆ, ಸ್ವಲ್ಪ ಎಡಕ್ಕೆ ಸರಿದು, ಸ್ವಲ್ಪ ಅಗಲವಾಗಿರುತ್ತದೆ. ಇನ್ನು 35.6ರಲ್ಲಿ ಗೆರೆ ಬಂದರೆ ಫ್ಲ್ಯಾಶ್ ಆಗಿದೆ, ಆದರೆ ಬೂದಿಯ ಸಿಲಿಕಾ ಇಂಗಾಲವನ್ನು ತಿಂದು ಸಿಲಿಕಾನ್ ಕಾರ್ಬೈಡ್ ಆಗಿದೆ. ಅದನ್ನು ಮತ್ತೆ ತೆಗೆಯುವ ಸುಲಭದ ಆಸಿಡ್ ಯಾವುದೂ ಇಲ್ಲ. ಕಬ್ಬಿಣ ಉಳಿದಿದ್ದರೆ ಇನ್ನೊಂದು ಥರ: ಅದು ಪದರಗಳನ್ನು ಸಾಲಾಗಿ ಕೂರಿಸುವ ವೇಗವರ್ಧಕ, ಹಾಗಾಗಿ ಅಲ್ಲಲ್ಲಿ ಗ್ರಾಫೈಟ್ ಗಂಟುಗಳು.

ಆಸಿಡ್ ದಾರಿಯ ಬಗ್ಗೆ ಎರಡು ಮಾತು

ಯಂತ್ರ ಯಾಕೆ, 1958ರ ಹಮ್ಮರ್ಸ್ ವಿಧಾನ ಇದೆಯಲ್ಲ ಅನ್ನುವವರಿದ್ದಾರೆ. ಅದು ಗ್ರಾಫೈಟಿಗೆ ಮಾಡಿದ್ದು. ಗಂಧಕಾಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್ ಗ್ರಾಫೈಟಿನ ದೊಡ್ಡ ಹಾಳೆಗಳ ನಡುವೆ ನುಗ್ಗಿ ಬಿಡಿಸುತ್ತವೆ. ಕಲ್ಲಿದ್ದಲಿನಲ್ಲಿ ಹಾಳೆಗಳೇ ಇಲ್ಲ, ಕೆಲವೇ ನ್ಯಾನೊಮೀಟರಿನ ಚೂರುಗಳಿವೆ. ಬಿಡಿಸಿದರೆ ಸಿಗುವುದೂ ಚೂರೇ. ರೈಸ್‌ನದೇ ತಂಡ 2013ರಲ್ಲಿ ಇದನ್ನೇ ಲಾಭ ಮಾಡಿಕೊಂಡಿತು: ಗಂಧಕಾಮ್ಲ, ನೈಟ್ರಿಕ್ ಆಮ್ಲದಲ್ಲಿ 2 ಗಂಟೆ ಸೊನಿಕೇಶನ್ (ಶಬ್ದತರಂಗದಿಂದ ಅಲುಗಿಸುವುದು), 100 ಅಥವಾ 120 ಡಿಗ್ರಿಯಲ್ಲಿ 24 ಗಂಟೆ, ಶೇ 20ರವರೆಗೆ ಇಳುವರಿ. ಬಿಟುಮಿನಸ್ ಕಲ್ಲಿದ್ದಲಿನಿಂದ ಬಂದ ಕ್ವಾಂಟಮ್ ಡಾಟ್ (ಹೊಳೆಯುವ ಗ್ರಾಫೀನ್ ಚೂರು) ಸುಮಾರು 3 ನ್ಯಾನೊಮೀಟರ್, ಕೋಕಿನದು 6ರ ಹತ್ತಿರ, ಆಂಥ್ರಸೈಟಿನದು 29. ಹೊಳೆಯುವ ಡಾಟ್ ಬೇಕಾದವರಿಗೆ ಚೆನ್ನ, ಸಿಮೆಂಟಿಗೋ ಪೇಂಟಿಗೋ ಹಾಳೆ ಬೇಕಾದವರಿಗೆ ಅಲ್ಲ. ಪರ್ಮಾಂಗನೇಟನ್ನು ಒಮ್ಮೆಗೇ ಸುರಿದು 20 ಡಿಗ್ರಿ ಮೀರಿಸಿದರೆ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಸಿಡಿಯುವ ಭಯ ಬೇರೆ.

ಖರ್ಚು

ಗ್ರಾಂಗೆ 7.2 ಕಿಲೋಜೂಲ್ ಅಂದರೆ ಕಿಲೋಗೆ ಬರೀ 2 ಯೂನಿಟ್ ಕರೆಂಟು. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 16 ರೂಪಾಯಿ. ಪ್ರಚಾರದಲ್ಲಿ ಇದೊಂದೇ ಅಂಕಿ ಓಡಾಡುತ್ತದೆ. ಫರ್ನೇಸಿನಲ್ಲಿ ಗಂಟೆಗಟ್ಟಲೆ ಕಾಯಿಸಿದ ಕರೆಂಟು, ನೈಟ್ರೋಜನ್ ಸಿಲಿಂಡರು, 10 ಗ್ರಾಂಗೆ 100 ಮಿಲಿಲೀಟರ್ ಕಾಸ್ಟಿಕ್, ಅಷ್ಟೇ ಆಸಿಡ್, ತೊಳೆದ ನೀರನ್ನು ತಟಸ್ಥ ಮಾಡುವ ಕೆಲಸ, ಒಡೆಯುವ ಕ್ವಾರ್ಟ್ಜ್ ಕೊಳವೆ, ಸವೆಯುವ ಗ್ರಾಫೈಟ್ ಬಿಲ್ಲೆ ಅದರಲ್ಲಿಲ್ಲ. ಮೇಜಿನ ಯಂತ್ರದಲ್ಲಿ ದಿನಕ್ಕೆ ಕೆಲವೇ ಗ್ರಾಂ ಮಾಡುವವರಿಗೆ ಕರೆಂಟು ಲೆಕ್ಕಕ್ಕೇ ಬರುವುದಿಲ್ಲ, ಖರ್ಚೆಲ್ಲ ಮಿಕ್ಕದ್ದರಲ್ಲೇ. ಆದ್ದರಿಂದ ಸಂಶೋಧನೆಗೆ, ಕಲಿಯುವುದಕ್ಕೆ, ಬೇರೆ ಬೇರೆ ಕಲ್ಲಿದ್ದಲು ಹೋಲಿಸುವುದಕ್ಕೆ ಈ ಯಂತ್ರ ಕೊಳ್ಳಿ. ಪುಡಿ ಮಾಡಿ ಮಾರುವ ಆಸೆಗೆ ಬೇಡ.

ಪುಡಿ ಮಾತ್ರ ಬೇಕು ಅನ್ನುವವರು ಕೊಂಡರೂ ಎಚ್ಚರ ಇರಬೇಕು. 2018ರಲ್ಲಿ ಸಿಂಗಾಪುರದ ಸಂಶೋಧಕರು 60 ಕಂಪನಿಗಳ ‘ಗ್ರಾಫೀನ್’ ಪರೀಕ್ಷಿಸಿದಾಗ ಬಹುಪಾಲಿನದರಲ್ಲಿ ಹತ್ತು ಪದರದೊಳಗಿನ ಗ್ರಾಫೀನ್ ಶೇ 10ಕ್ಕಿಂತ ಕಡಿಮೆ ಇತ್ತು, ಮಿಕ್ಕದ್ದು ಸಣ್ಣಗೆ ಅರೆದ ಗ್ರಾಫೈಟ್. ಮಾರುವವರ ಹತ್ತಿರ ಕೇಳಬೇಕಾದ್ದು ರಾಮನ್ ಮ್ಯಾಪ್, ಗಾಳಿಯಲ್ಲಿ 900 ಡಿಗ್ರಿಗೆ ಸುಟ್ಟ ಟಿಜಿಎ (ಕಾಯಿಸುತ್ತ ತೂಕ ಅಳೆಯುವ ಪರೀಕ್ಷೆ), ಮತ್ತು ಮೂಲ ವಸ್ತು ಯಾವುದೆಂದು. ಟಿಜಿಎಯ ಕೊನೆಯಲ್ಲಿ ಉಳಿದ ಶೇಕಡಾವಾರು ಬೂದಿ. ಕಲ್ಲಿದ್ದಲಿನದು ಎಂದು ಹೇಳಿ ಆ ಅಂಕಿ ಕೊಡದವರಿಂದ ಕೊಳ್ಳಬೇಡಿ.

ಕಲ್ಲಿದ್ದಲಿನ ಗ್ರಾಫೀನ್‌ಗೆ ಸಹಜವಾದ ಗಿರಾಕಿ ಕಾಂಕ್ರೀಟು, ಅಲ್ಲಿ ಅಷ್ಟಿಷ್ಟು ಬೂದಿ ಯಾರಿಗೂ ತೊಂದರೆಯಲ್ಲ. 2020ರ ಪ್ರಬಂಧದಲ್ಲಿ ಸಿಮೆಂಟಿನ ತೂಕದ ಶೇ 0.1 ಸೇರಿಸಿದ್ದಕ್ಕೆ 7 ದಿನದ ಒತ್ತಡದ ಬಲ ಸುಮಾರು ಶೇ 35 ಏರಿತ್ತು. 2024ರಲ್ಲಿ ಅದೇ ರೈಸ್‌ನವರು ಮೆಟಲರ್ಜಿಕಲ್ ಕೋಕಿನಿಂದ ಮಾಡಿದ್ದನ್ನು ಮರಳಿನ ಬದಲಿಗೇ ಹಾಕಿ ಶೇ 25 ಹಗುರವಾದ ಕಾಂಕ್ರೀಟ್ ಮಾಡಿದರು. 50 ಕಿಲೋ ಚೀಲಕ್ಕೆ ಶೇ 0.1 ಅಂದರೆ 50 ಗ್ರಾಂ, ಶೇ 0.05 ಅಂದರೆ 25. ಒಣ ಸಿಮೆಂಟಿಗೆ ಉದುರಿಸಿ ಕಲಸಿದರೆ ಅರ್ಧ ಗಾಳಿಗೆ, ಅರ್ಧ ಗಂಟಿಗೆ. ಪುಡಿ ಬಿಡಿಬಿಡಿಯಾಗಿ ಬೆರೆಯಲು ಶೇ 1ರ ಪ್ಲುರೋನಿಕ್ ಎಫ್-127 ಹಾಕಿದ ನೀರಿನಲ್ಲಿ ಲೀಟರಿಗೆ 4 ಗ್ರಾಂವರೆಗೆ ಇದು ಚೆನ್ನಾಗಿ ಬೆರೆಯುತ್ತದೆ. ಮೊದಲು ನೀರಿಗೆ ಬೆರೆಸಿ, ಆ ನೀರಿನಲ್ಲಿ ಸಿಮೆಂಟ್ ಕಲಸುವುದು. ಪ್ಲುರೋನಿಕ್ ಸೋಪಿನಂತೆ ನೊರೆ ಕಟ್ಟುತ್ತದೆ, ಆ ನೊರೆ ಕಾಂಕ್ರೀಟಿನಲ್ಲಿ ಗುಳ್ಳೆಯಾಗಿ ಉಳಿದರೆ ಬಂದ ಬಲವೆಲ್ಲ ಹೋಯಿತು, ಆದ್ದರಿಂದ ನೊರೆ ಇಳಿಸುವ ಡಿಫೋಮರ್ ಎರಡು ಹನಿ. ಹೋಲಿಸಲು ಬರೀ ಪ್ಲುರೋನಿಕ್ ಮತ್ತು ಡಿಫೋಮರ್ ಹಾಕಿದ, ಗ್ರಾಫೀನ್ ಇಲ್ಲದ ಮೂರು ಕ್ಯೂಬುಗಳನ್ನೂ ಅದೇ ದಿನ ಎರಕ ಹೊಯ್ದಿಡಿ.